ಗೆಳೆತನಕ್ಕೊಂದು ಗಡುವು

ಸಂಪಾಜೆಯಲ್ಲಿ ಆಟಿಯ ಮಳೆ ಹಿಡಿಯಿತೆಂದರೆ ಹೊರಗಿನ ಕೆಲಸವೆಲ್ಲ ನಿಂತ ಹಾಗೆಯೇ. ಪಯಸ್ವಿನಿ ಕೆಂಪಾಗಿ ಹರಿಯುತ್ತದೆ. ಘಟ್ಟದಿಂದಿಳಿದ ಮಂಜು ಅಡಿಕೆ ತೋಟದ ಮೇಲೆ ಕವಿಯುತ್ತದೆ. ಅಂಥದೊಂದು ಸಂಜೆ, ಬೆಂಗಳೂರಿನಿಂದ ನಾಲ್ಕು ದಿನಕ್ಕೆಂದು ಬಂದಿದ್ದ ಮೊಮ್ಮಗಳು ಲ್ಯಾಪ್‌ಟಾಪಿನಲ್ಲಿ ಜಪಾನೀ ಚಲಚ್ಚಿತ್ರವೊಂದನ್ನು ನೋಡುತ್ತ ಕುಳಿತಿದ್ದಳು. ಹಲಸಿನ ಹಪ್ಪಳ ಕರಿದು ತಂದ ಅಜ್ಜಿ ಬಳಿಯಲ್ಲೇ ಕುಳಿತರು.

"ಎಂತ ಮಗಾ, ಅವರು ಹೇಳುವುದು?"

ಮೊಮ್ಮಗಳು ಇಂಗ್ಲಿಷ್ ಅಡಿಬರಹವನ್ನೋದಿ ಕನ್ನಡದಲ್ಲಿ ಹೇಳತೊಡಗಿದಳು.

ಚಿತ್ರದ ಹೆಸರು 'ಬ್ಲೂ'. ನನನನ್ ಕಿರಿಕೋ ಎಂಬಾಕೆಯ ಚಿತ್ರಕಥಾ ಪುಸ್ತಕವನ್ನಾಧರಿಸಿ ಆಂಡೋ ಹಿರೋಶಿ ನಿರ್ದೇಶಿಸಿದುದು. ಕಡಲ ದಡದ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಕಿರಿಶಿಮಾ ಎಂಬ ಹುಡುಗಿಗೆ, ಒಂದು ವರ್ಷ ಹಿಂದುಳಿದ ಎಂಡೋ ಎಂಬವಳ ಸ್ನೇಹವಾಗುತ್ತದೆ. ಆ ಸ್ನೇಹದಿಂದ ಸಂಗೀತದ, ಚಿತ್ರಕಲೆಯ ರುಚಿ ಹತ್ತುತ್ತದೆ. ಇದು ಬರಿಯ ಸ್ನೇಹವಲ್ಲ, ಪ್ರೇಮವೆಂಬುದನ್ನು ಕಿರಿಶಿಮಾ ಮೊದಲು ಅರಿಯುತ್ತಾಳೆ. ಬಾಯಿಬಿಟ್ಟು ಹೇಳಿಯೂ ಬಿಡುತ್ತಾಳೆ. ಕಥೆಯಲ್ಲಿ ಅಬ್ಬರವಿಲ್ಲ. ನೋವೆಲ್ಲ ಬರುವುದು, ಎಂಡೋ ತನಗೆ ಹಿಂದೊಬ್ಬ ಗಂಡಸಿನೊಡನಿದ್ದ ಸಂಬಂಧವನ್ನು ಕುರಿತು ಮುಚ್ಚಿಟ್ಟ ಮಾತಿನಿಂದ. ಕಿರಿಶಿಮಾಳಾಗಿ ನಟಿಸಿದ ಇಚಿಕಾವಾ ಮಿಕಾಕೋಗೆ ೨೦೦೨ರ ಮಾಸ್ಕೋ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟಿಯ ಪ್ರಶಸ್ತಿ ದೊರೆಯಿತು.

"ಶಾಲೆ ಮುಗಿದ ಮೇಲೆ?" ಎಂದರು ಅಜ್ಜಿ.

"ಒಬ್ಬಳು ಟೋಕಿಯೋಗೆ ಹೋಗುತ್ತಾಳೆ, ಅಜ್ಜೀ. ಇನ್ನೊಬ್ಬಳು ಊರಲ್ಲೇ ಉಳಿಯುತ್ತಾಳೆ."

"ಹಾಗೆಯೇ ಆಗುವುದು."

ಅಜ್ಜಿಯ ಕಣ್ಣು ಹೊರಗಿನ ಮಳೆಯ ಮೇಲಿತ್ತು. ಅವರಿಗೂ ಒಬ್ಬ ಗೆಳತಿಯಿದ್ದಳು. ಇಬ್ಬರಿಗೂ ಒಂದೇ ಕೊಡೆ; ಸಂಕ ದಾಟುವಾಗ ಒಬ್ಬಳ ಕೈ ಇನ್ನೊಬ್ಬಳ ಕೈಯಲ್ಲಿ. ಗೆಳತಿಯನ್ನು ಮಡಿಕೇರಿಯ ಕಡೆಗೆ ಮದುವೆ ಮಾಡಿ ಕೊಟ್ಟರು. ಬಸ್ಸು ಘಟ್ಟ ಹತ್ತಿ ಹೋದ ಮೇಲೆ ಇವರಿಗೆ ವಾರದವರೆಗೆ ಅನ್ನ ಸೇರಲಿಲ್ಲ. ಮನೆಯವರು ನಕ್ಕರು: ತನಗೂ ಮದುವೆಯಾದರೆ ಎಲ್ಲ ಮರೆತುಹೋದೀತು ಎಂದು.

ಜಪಾನಿನ ಹಿರಿಯರೂ ಅದನ್ನೇ ನಂಬಿದ್ದರು. ಕಳೆದ ಶತಮಾನದ ಆರಂಭದಲ್ಲಿ ಅಲ್ಲಿನ ಹೆಣ್ಣುಮಕ್ಕಳ ಶಾಲೆಗಳಲ್ಲಿ ಇಂಥ ಒಲವಿಗೆ 'ಎಸ್' ಎಂಬ ಹೆಸರೇ ಇತ್ತು. 'ಸಿಸ್ಟರ್' ಎಂಬ ಮಾತಿನ ಮೊದಲಕ್ಷರವದು. ಮದುವೆಯೊಡನೆ ಮುಗಿಯುವುದೆಂಬ ಭರವಸೆಯಿಂದ ಹಿರಿಯರು ಅದನ್ನು ಸಹಿಸಿದರು. ೧೯೧೬ರಿಂದ ಬಾಲಿಕೆಯರ ಪತ್ರಿಕೆಯಲ್ಲಿ ಇಂಥ ಒಲವಿನ ಕಥೆಗಳನ್ನು ಬರೆದು ಹೆಸರಾದ ಯೋಶಿಯಾ ನೊಬುಕೋ ಮಾತ್ರ ಆ ಗಡುವಿಗೆ ಒಪ್ಪಲಿಲ್ಲ. ೧೯೨೩ರಲ್ಲಿ ಪರಿಚಯವಾದ ಮೊನ್ಮಾ ಚಿಯೋ ಎಂಬ ಉಪಾಧ್ಯಾಯಿನಿ ಆಕೆಯ ಜೀವನ ಸಂಗಾತಿಯಾದಳು. ೧೯೭೩ರಲ್ಲಿ ನೊಬುಕೋ ತೀರಿಕೊಳ್ಳುವವರೆಗೂ ಆ ಬಾಳುವೆ ನಡೆಯಿತು. ಇಬ್ಬರನ್ನು ಒಂದು ಮನೆಯವರೆಂದು ಒಪ್ಪುವ ಬೇರೆ ದಾರಿ ಕಾನೂನಿನಲ್ಲಿ ಇರಲಿಲ್ಲ. ಆದ್ದರಿಂದ ೧೯೫೭ರಲ್ಲಿ ನೊಬುಕೋ, ತನಗಿಂತ ಕೆಲವೇ ವರ್ಷ ಕಿರಿಯಳಾದ ಚಿಯೋಳನ್ನು ಮಗಳೆಂದು ದತ್ತು ಪಡೆದಳು!

ಇದನ್ನು ಕೇಳಿ ಅಜ್ಜಿ ನಕ್ಕರು, ಮರುಕ್ಷಣವೇ ಕಣ್ಣೊರಸಿಕೊಂಡರು.

"ನಮ್ಮಲ್ಲಿ ಹೇಗೆ ಮಗಾ, ಕಾನೂನು?"

೨೦೧೮ರ ಸೆಪ್ಟೆಂಬರ್ ೬ರಂದು, ಇಂಥ ಪ್ರೇಮ ಅಪರಾಧವಲ್ಲವೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ೨೦೨೩ರ ಅಕ್ಟೋಬರ್ ೧೭ರಂದು ಅದೇ ನ್ಯಾಯಾಲಯ ಇಂಥವರ ಮದುವೆಗೆ ಮಾನ್ಯತೆ ಕೊಡಲೊಪ್ಪಲಿಲ್ಲ. ಇಷ್ಟನ್ನು ಹೇಳುವಾಗ ಮೊಮ್ಮಗಳ ಸ್ವರ ತಗ್ಗಿತು.

ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ. ಮೊಮ್ಮಗಳು ಊರಿಗೆ ಬಂದಾಗಲೆಲ್ಲ ದಿನಕ್ಕೆ ನಾಲ್ಕು ಸಲ ಫೋನು ಮಾಡುವವಳು ಯಾರೆಂದು ಅವರು ಎಂದೂ ಕೇಳಿದವರಲ್ಲ.

"ನಿನ್ನ ಕೋಣೆಯಲ್ಲಿರುವ ಆ ಹುಡುಗಿ, ಅವಳಿಗೆ ಪತ್ರೊಡೆ ಇಷ್ಟವೋ?"

"ಅವಳು ತಿಂದೇ ಇಲ್ಲ ಅಜ್ಜೀ."

"ಹಾಗಾದರೆ ಮುಂದಿನ ಸಲ ಬರುವಾಗ ಕರೆದುಕೊಂಡು ಬಾ. ಆ ವರ್ಷದ ಹಾಗೆ ಘಟ್ಟ ಜರಿದು ರಸ್ತೆ ಮುಚ್ಚಿದರೆ ಮತ್ತೆ ಬರಲಿಕ್ಕಾಗದು."

೨೦೧೮ರ ಆಗಸ್ಟಿನಲ್ಲಿ ಹಾಗೆಯೇ ಆಗಿತ್ತು. ಮೊಮ್ಮಗಳು ತಲೆಯಾಡಿಸಿದಳು. ಹಪ್ಪಳ ಆಗಲೇ ಮೆತ್ತಗಾಗಿತ್ತು. ಇಬ್ಬರೂ ಅದನ್ನೇ ಹಂಚಿಕೊಂಡು ತಿಂದರು.