ಮುತ್ಯಾನ ಬಂದೂಕು, ಕಾಕಾನ ಅಳತಿ

ತುಂಬಾ ದಿನ ಆಯ್ತು ಇಲ್ಲಿ ಏನೂ ಬರೆದು. ರಿಲೀಸು, ಬಗ್ಗು ಅಂತ ತಲೆ ಎತ್ತಲು ಪುರುಸೊತ್ತಿರಲಿಲ್ಲ. ಖಂಡೇನವಮಿಗೆ ಊರಿಗೆ, ಅಂದರೆ ಕಾಳಗಿಗೆ ಹೋಗಿದ್ದೆ. ಅಲ್ಲಿ ನಡೆದದ್ದು ಇನ್ನೂ ತಲೆಯಿಂದ ಹೋಗಿಲ್ಲ, ಅದಕ್ಕೇ ಬರೀತಿದ್ದೇನೆ.

ಪೂಜೆಗೆಂದು ಕಾಕಾ ಮುತ್ಯಾನ ಕಾಲದ ಬಂದೂಕು ಒರೆಸುತ್ತಾ ಕೂತಿದ್ದರು. ಲೈಸೆನ್ಸ್ ಇದೆ, ತೊಗರಿ ಹೊಲಕ್ಕೆ ಹಂದಿ ಬರುತ್ತವೆಂದು ತೆಗೆದುಕೊಂಡದ್ದು. ಪಕ್ಕದಲ್ಲಿ ಹಿತ್ತಾಳೆಯ ತೋಟಾಗಳು, ಮದ್ದು ಅಳೆಯುವ ಪುಟ್ಟ ಬಟ್ಟಲು. ಒಂದು ಕಾಗದದ ಪೊಟ್ಟಣದಲ್ಲಿ ಬೂದುಬಣ್ಣದ ಪುಡಿ. ಯಾರೋ ಗೆಳೆಯರು ಹೊಸ ಕಾರ್ಟ್ರಿಜ್ ಬಿಚ್ಚಿ ತೆಗೆದುಕೊಟ್ಟದ್ದಂತೆ.

"ಕರಿ ಮದ್ದು ಸಿಗವಲ್ದು ತಮ್ಮಾ. ಇದನ್ನ ಅದೇ ಬಟ್ಟಲಾಗ ಅಳದು ತುಂಬಿ, ಹೊಲದಾಗ ಗಡಿಗಿ ಇಟ್ಟು ಒಂದ್ ಸಲ ಟೆಸ್ಟ್ ಮಾಡಮು. ನೀ ಇಂಜಿನಿಯರ್ ಇದ್ದಿ, ನೋಡು."

ನನ್ನದು ಕಂಪ್ಯೂಟರ್ ಇಂಜಿನಿಯರಿಂಗ್ :-) ಆದರೂ "ಸ್ವಲ್ಪ ತಡೀರಿ ಕಾಕಾ" ಅಂದು ಮೊಬೈಲ್ ಹಿಡಿದು ಕೂತೆ. ಓದುತ್ತಾ ಹೋದಂತೆ ಕೈ ತಣ್ಣಗಾಯಿತು.

ಕರಿ ಮದ್ದನ್ನು ಹಿಂದಿನಿಂದಲೂ ಬಟ್ಟಲಲ್ಲೇ, ಡ್ರಾಮ್ ಲೆಕ್ಕದಲ್ಲಿ ಅಳೆಯುತ್ತಿದ್ದರು. ಒಂದು ಡ್ರಾಮ್ ಅಂದರೆ ಸುಮಾರು 1.77 ಗ್ರಾಂ. 1860ರ ದಶಕದಲ್ಲಿ ಪ್ರಶ್ಯದ ಶುಲ್ಟ್ಸೆ ಎಂಬಾತ ಮರದಿಂದ ಹೊಗೆ ಕಡಿಮೆಯ ಮದ್ದು ಮಾಡಿದ. ಆ ಜಾತಿಯ 'ಬಲ್ಕ್' ಮದ್ದುಗಳನ್ನು ಹಳೆಯ ಬಟ್ಟಲಲ್ಲೇ ಅಳೆಯಲು ಬರುವಂತೆ ತಯಾರಿಸುತ್ತಿದ್ದರು. ಆಮೇಲೆ 1887ರಲ್ಲಿ ನೊಬೆಲ್‌ನ ಬ್ಯಾಲಿಸ್ಟೈಟ್ ಬಂತು. ಇಂಥ 'ಡೆನ್ಸ್' ಮದ್ದನ್ನು ತೂಕ ಮಾಡಿಯೇ ಹಾಕಬೇಕು, ಅದೂ ಬಹಳ ಕಡಿಮೆ. ಹಳೆ ಬಟ್ಟಲು ತುಂಬ ಹಾಕಿದರೆ ನಳಿಗೆಯೇ ಸೀಳಬಹುದು. ಕಾರ್ಟ್ರಿಜ್ ಡಬ್ಬಿಗಳ ಮೇಲೆ ಈಗಲೂ ಕಾಣುವ 'ಡ್ರಾಮ್ ಈಕ್ವಿವಲೆಂಟ್' ಒಳಗಿರುವ ಮದ್ದಿನ ತೂಕವನ್ನು ಹೇಳುವುದಿಲ್ಲ. ಇಷ್ಟು ಡ್ರಾಮ್ ಕರಿ ಮದ್ದಿನಷ್ಟೇ ವೇಗ ಬರುತ್ತದೆ ಅಂತ, ಅಷ್ಟೇ.

1999ರಲ್ಲಿ ನಾಸಾದ ಮಂಗಳ ನೌಕೆಯೊಂದು ಇಂಥದ್ದೇ ಅಳತೆಯ ಗೊಂದಲಕ್ಕೆ ಹಾಳಾಯಿತು. ಒಂದು ಕಡೆ ಪೌಂಡ್, ಇನ್ನೊಂದು ಕಡೆ ನ್ಯೂಟನ್. ಕಾಲೇಜಲ್ಲಿ ಇದನ್ನು ಕೇಳಿ ನಕ್ಕಿದ್ದೆವು.

ಟಾರ್ಚ್ ಹಾಕಿ ನಳಿಗೆಯ ಕೆಳಗೆ ನೋಡಿದೆ. ಹೊಸ ಮದ್ದಿಗೆ ಪರೀಕ್ಷೆಯಾದ ಬಂದೂಕಿಗೆ 'ನೈಟ್ರೋ' ಗುರುತಿರುತ್ತದೆ. ಇದರ ಅಕ್ಷರಗಳೆಲ್ಲ ಸವೆದುಹೋಗಿದ್ದವು.

"ಬ್ಯಾಡ್ರಿ ಕಾಕಾ."

"ಮದ್ದು ಮದ್ದೇ, ಅದರಾಗೇನ್ ಫರಕ್ ಅದ?"

"ಒಂದ್ ಸೇರು ಜ್ವಾಳ, ಒಂದ್ ಸೇರು ಹೊಟ್ಟು ಎರಡೂ ಒಂದೇ ಏನ್ರಿ?"

ಕಾಕಾ ಮಾತಾಡಲಿಲ್ಲ. ಮಧ್ಯಾಹ್ನದ ಊಟದವರೆಗೂ ಮುಖ ಗಂಟು. ನಮ್ಮ ಆಫೀಸಲ್ಲಿ ಟೆಸ್ಟ್ ಫೇಲಾದರೆ ಲಾಗ್ ತೆಗೆದು ನೋಡುತ್ತೇವೆ, ಚಹಾ ಕುಡಿದು ಮತ್ತೆ ಓಡಿಸುತ್ತೇವೆ. ಕಾಕಾನ ಟೆಸ್ಟ್ ಫೇಲಾಗಿದ್ದರೆ? ಬಂದೂಕು ಹಿಡಿಯುವ ಆ ಎಡಗೈಯಲ್ಲೇ ನನ್ನನ್ನು ಚಿಕ್ಕಂದಿನಲ್ಲಿ ಎತ್ತಿ ರೇವಣಸಿದ್ಧೇಶ್ವರ ಗುಡ್ಡ ಹತ್ತಿಸಿದ್ದು.

ಸಂಜೆ ತಾವೇ ಆ ಪೊಟ್ಟಣ ನನ್ನ ಕೈಗಿಟ್ಟು, "ಲೈಸೆನ್ಸ್ ಅಂಗಡಿಯವಗ ತೋರ್ಸಿ ಕೊಟ್ಟು ಬರಮು ನಡಿ" ಅಂದರು. ಬಂದೂಕಿಗೆ ಈ ಸಲ ಬರೀ ಪೂಜೆ, ಕುಂಕುಮ, ಬನ್ನಿ.

ಆ ಬಟ್ಟಲು ಈಗ ನನ್ನ ಮೇಜಿನ ಮೇಲಿದೆ. ಕೇಳಿ ತಂದೆ. ನಿಮ್ಮ ಮನೆಗಳಲ್ಲೂ ಇಂಥ ಹಳೆ ಅಳತೆಗಳಿದ್ದರೆ ಬರೀರಿ, ಓದುತ್ತೇನೆ.