ಮಗಳ ಹೊಸ ಪಿಸ್ತೂಲು

ಅಮೆರಿಕಕ್ಕೆ ಹೋಗಿ ಬಂದವರನ್ನು ಕೇಳಿ, ನಯಾಗರಾ ನೋಡಿದೆವು ಅಂತಾರೆ. ನಾನು ಟೆಕ್ಸಾಸಿನಲ್ಲಿ ನೋಡಿ ಬಂದದ್ದು ಪಿಸ್ತೂಲು ಹೊಡೆಯುವ ಜಾಗ! ಹುಬ್ಬೇರಿಸಬೇಡಿ. ಮಗಳು ಅಲ್ಲಿಯೇ ನೆಲೆಸಿ ಆ ದೇಶದ ಪ್ರಜೆಯಾದವಳು, ಆಸ್ಪತ್ರೆಯಲ್ಲಿ ನರ್ಸು. ಅಳಿಯಂದಿರು ತಿಂಗಳಲ್ಲಿ ಹತ್ತು ದಿನ ಪರವೂರು. ಪಕ್ಕದ ಬೀದಿಯಲ್ಲಿ ಎರಡು ಮನೆ ಕಳುವಾದ ಮೇಲೆ ಇವಳು ಪಿಸ್ತೂಲು ಕೊಂಡಳು. ಮನೆಯಲ್ಲಿ ಮೂರು ವರ್ಷದ ಮೊಮ್ಮಗ. ನನ್ನೆದೆ ಧಸಕ್ಕೆಂದಿತು. "ಅಮ್ಮಾ, ಸುಮ್ಮನೆ ಹೆದರಬೇಡ, ನೀನೇ ಬಂದು ನೋಡು" ಅಂದಳು.

ಕಾಡಿನಲ್ಲೋ ಬೆಟ್ಟದಲ್ಲೋ ಇರಬಹುದೆಂದುಕೊಂಡಿದ್ದೆ. ದಿನಸಿ ಅಂಗಡಿಯ ಸಾಲಿನಲ್ಲೇ ಇತ್ತು! ಒಳಗೆ ಹೋಗಲು ಎರಡು ಬಾಗಿಲು. ಸದ್ದು ಹೊರಬಾರದಂತೆ ಒಂದು ಮುಚ್ಚಿದ ಮೇಲೆಯೇ ಇನ್ನೊಂದನ್ನು ತೆರೆಯಬೇಕು. ನೋಡಲು ಬಂದವರಿಗೂ ಕಿವಿಮುಚ್ಚಳ, ಕನ್ನಡಕ ಕಡ್ಡಾಯ. ಬಟ್ಟೆ ಒಣಹಾಕುವ ತಂತಿಯಂಥದಕ್ಕೆ ಕಾಗದದ ಗುರಿ ಸಿಕ್ಕಿಸಿ ಸ್ವಿಚ್ ಒತ್ತಿದರೆ ಅದು ದೂರ ಸರಿಯುತ್ತದೆ. ಮಗಳು 21 ಅಡಿಗೆ ನಿಲ್ಲಿಸಿದಳು. ನಮ್ಮ ಪಡಸಾಲೆಯಿಂದ ಹಿತ್ತಿಲ ಬಾಗಿಲಿಗೆ ಅಷ್ಟೇ ದೂರ ಅನ್ನಿ.

ಮಕ್ಕಳ ಮನೆಗೆ ಹೋಗುವವರು ಒಂದು ಮಾತು ತಿಳಿದಿರಿ. ಪ್ರವಾಸಿ ವೀಸಾದ ಮೇಲೆ ಹೋದವರು ಬೇಟೆಯ ಲೈಸೆನ್ಸಿನಂಥ ವಿನಾಯಿತಿ ಇಲ್ಲದೆ ಬಂದೂಕು, ತೋಟಾ ಇಟ್ಟುಕೊಳ್ಳುವುದು ಅಲ್ಲಿನ ಕಾನೂನಿಗೆ ವಿರುದ್ಧ. ಆದ್ದರಿಂದ ನಾನು ಕೈಕಟ್ಟಿ ಹಿಂದೆ ನಿಂತೆ.

ಅವಳದು ಗ್ಲಾಕ್ 19, 1988ರಲ್ಲಿ ಬಂದ ಆಸ್ಟ್ರಿಯಾದ ಮಾದರಿ. ಖಾಲಿಯಿದ್ದಾಗ ಸುಮಾರು 600 ಗ್ರಾಂ, ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು. ಹಿಡಿಯೊಳಗೆ ಮ್ಯಾಗಜೀನ್ ಸೇರಿಸಬೇಕು (ನಿಮ್ಮ ಕೈಯಲ್ಲಿರುವ ಮ್ಯಾಗಜೀನ್ ಅಲ್ಲ, ತೋಟಾ ತುಂಬುವ ಡಬ್ಬಿ!). ಅದರಲ್ಲಿ 15 ತೋಟಾ. ಸೆಮಿ ಆಟೋಮ್ಯಾಟಿಕ್ ಅಂದರೆ ಕುದುರೆ ಎಳೆದಾಗ ಒಂದು ಗುಂಡು ಹಾರುತ್ತದೆ. ಆ ಹೊಡೆತಕ್ಕೆ ಮೇಲಿನ ಕಬ್ಬಿಣ ಹಿಂದೆ ಸರಿದು, ಖಾಲಿ ಕೊಳವೆಯನ್ನು ಆಚೆ ಎಸೆದು, ಮುಂದೆ ಬರುವಾಗ ಇನ್ನೊಂದು ತೋಟಾವನ್ನು ನಳಿಗೆಗೆ ತಳ್ಳುತ್ತದೆ. ಅಪಾಯ ಇರುವುದು ಇಲ್ಲಿಯೇ. ಡಬ್ಬಿ ತೆಗೆದೆ, ಖಾಲಿಯಾಯಿತು ಅಂತ ತಿಳಿಯುತ್ತಾರೆ. ನಳಿಗೆಯಲ್ಲಿ ಒಂದು ಉಳಿದೇ ಇರುತ್ತದೆ! ಡಬ್ಬಿ ತೆಗೆದ ಮೇಲೆ ಮೇಲಿನ ಕಬ್ಬಿಣವನ್ನು ಹಿಂದಕ್ಕೆಳೆದು ಕಣ್ಣಾರೆ ನೋಡಬೇಕು, ಬೆರಳಿನಿಂದಲೂ ಮುಟ್ಟಿ ನೋಡಬೇಕು.

ಕಲಿಸುವಾಕೆ ಐವತ್ತು ದಾಟಿದ ಹೆಂಗಸು, ಬಲು ಶಿಸ್ತು. ಮೊದಲ ಅರ್ಧ ಗಂಟೆ ಒಂದು ಗುಂಡೂ ಇಲ್ಲ. ನಳಿಗೆ ಸದಾ ಗುರಿಯ ಕಡೆಗೆ, ಹೊಡೆಯುವ ತನಕ ಬೆರಳು ಕುದುರೆಯ ಹೊರಗೆ, ಇಷ್ಟೇ ಪಾಠ. ಆಮೇಲೆ ಹೊಡೆದ ಮೊದಲ ಐದು ಗುಂಡೂ ಕೆಳಗೆ ಎಡಕ್ಕೆ ಬಿದ್ದವು. ಪಿಸ್ತೂಲೇ ಸರಿಯಿಲ್ಲವೇನೋ ಎಂದು ಮಗಳ ಅನುಮಾನ. ಆಕೆ ನಕ್ಕು, ಅವಳಿಗೆ ಕಾಣದಂತೆ ನಡುವೆ ಒಂದು ಸುಳ್ಳು ತೋಟಾ ಸೇರಿಸಿ ಕೊಟ್ಟಳು. ಸದ್ದಿಲ್ಲ, ಹೊಗೆಯಿಲ್ಲ, ಟಕ್ ಎಂದಿತಷ್ಟೆ. ಆದರೆ ಮಗಳ ಕೈ ಕೆಳಕ್ಕೆ ಕುಗ್ಗಿದ್ದನ್ನು ನಾನೂ ಕಂಡೆ! ಇನ್ನೂ ಬಾರದ ಸದ್ದಿಗೆ ಮೈ ಮೊದಲೇ ಹೆದರುತ್ತದಂತೆ. 50 ತೋಟಾದ ಡಬ್ಬ ಮುಗಿಯುವ ಹೊತ್ತಿಗೆ ಕಾಗದದ ನಡುವೆ ಅಂಗೈಯಗಲದ ತೂತು. ಹೆಮ್ಮೆಯಾಯಿತು, ಸಂಕಟವೂ ಆಯಿತು.

ಹೆಂಗಸರು ಅಲ್ಲಿಗೆ ಹೋಗುವುದಾದರೆ ಕುತ್ತಿಗೆ ಮುಚ್ಚುವ ರವಿಕೆಯೋ ಅಂಗಿಯೋ ಇರಲಿ. ಎಗರುವ ಹಿತ್ತಾಳೆ ಕೊಳವೆ ಕಾದ ಒಗ್ಗರಣೆ ಸೌಟಿನಷ್ಟು ಬಿಸಿ, ಎದೆಯೊಳಗೆ ಬಿದ್ದರೆ ಕುಣಿಯುವಾಗ ಕೈಯಲ್ಲಿ ಪಿಸ್ತೂಲು ಇರುತ್ತದಲ್ಲ! ಕಾಲಿಗೆ ಮುಚ್ಚಿದ ಷೂ. ಹೊಗೆಯಲ್ಲಿ ಸೀಸದ ಪುಡಿ ಇರುವುದರಿಂದ ಸೋಪು ಹಾಕಿ ತಣ್ಣೀರಿನಲ್ಲಿ ಕೈ, ಮುಖ ತೊಳೆಯದೆ ಏನೂ ತಿನ್ನಬಾರದು. ಮನೆಗೆ ಬಂದು ಬಟ್ಟೆ ಬದಲಿಸಿ ಬೇರೆಯಾಗಿ ಒಗೆಯಬೇಕು. ಮೊಮ್ಮಗ ಓಡಿ ಬಂದ. ಮಗಳು ಸ್ನಾನವಾಗುವ ತನಕ ಅವನನ್ನು ಎತ್ತಿಕೊಳ್ಳಲಿಲ್ಲ.

2020ರಲ್ಲಿ ಆ ದೇಶದ ಮಕ್ಕಳ ಮತ್ತು ಹದಿಹರೆಯದವರ ಸಾವಿಗೆ ವಾಹನ ಅಪಘಾತವನ್ನೂ ಮೀರಿ ಬಂದೂಕೇ ಮೊದಲ ಕಾರಣವಾಯಿತು. ಹೇಳದೆ ಇರಲಾಗಲಿಲ್ಲ, ಹೇಳಿದೆ. "ಗೊತ್ತಮ್ಮಾ, ಅಂಥ ಮಕ್ಕಳನ್ನು ನಮ್ಮ ಆಸ್ಪತ್ರೆಗೇ ತರುತ್ತಾರೆ" ಅಂದಳು. ಪಿಸ್ತೂಲನ್ನು ಖಾಲಿ ಮಾಡಿ, ನೋಡಿ, ಮುಟ್ಟಿ, ಗೋಡೆಗೆ ಬೋಲ್ಟು ಹಾಕಿದ ಉಕ್ಕಿನ ಪೆಟ್ಟಿಗೆಯಲ್ಲಿಟ್ಟಳು. ತೋಟಾಕ್ಕೆ ಬೇರೆ ಕಪಾಟು, ಬೇರೆ ಬೀಗ. ಕಳ್ಳ ಬಂದಾಗ ಇದನ್ನೆಲ್ಲ ತೆಗೆಯಲು ಹೊತ್ತಾಗುವುದಿಲ್ಲವೇ ಎಂದು ಅಳಿಯಂದಿರು ಕೇಳಿದರು. "ಆಗಲಿ" ಅಂದಳು ಮಗಳು. ಪೆಟ್ಟಿಗೆಯ ಅಂಕಿ ಅವರಿಬ್ಬರಿಗೇ ಗೊತ್ತು.