ಆಟ ಇತ್, ಬತ್ಯಾ?

ಏನೂ ಬರೆಯದೆ ತುಂಬಾ ದಿನ ಆಗಿಹೋಯ್ತು. ಕಾರಣ ಕೇಳಿದ್ರೆ ನಗ್ತೀರಿ. ಒಂದೂವರೆ ತಿಂಗಳು ಆಫೀಸಿನಿಂದ ಬಂದವನೇ ಲ್ಯಾಪ್‌ಟಾಪ್ ಮುಂದೆ ಕೂತು ಒಂದು ಗೇಮ್ ಆಡ್ತಿದ್ದೆ. ಚೆನ್ನಾಗಿತ್ತಾ ಅಂದ್ರಾ? ಅದೇ ಗೊತ್ತಾಗ್ತಿರಲಿಲ್ಲ. ಅದನ್ನ ತಿಳ್ಕೊಳ್ಳೋಕೇ ಆಡ್ತಾ ಇದ್ದೆ :)

ಗೇಮಿನ ಹೆಸರು ಫೈನಲ್ ಫ್ಯಾಂಟಸಿ 13. ಜಪಾನಿನಲ್ಲಿ 2009ರ ಕೊನೆಗೆ, ಬೇರೆ ಕಡೆ 2010ರಲ್ಲಿ ಬಂದ ರೋಲ್ ಪ್ಲೇಯಿಂಗ್ ಗೇಮ್. ಆಗ ನಮ್ಮನೆಗೆ ಪ್ಲೇಸ್ಟೇಷನ್ ಬರೋ ಮಾತೇ ಇರಲಿಲ್ಲ. 2014ರಲ್ಲಿ ಅದು ಪಿಸಿಗೂ ಬಂತು. ನಾನು ಸ್ಟೀಮ್‌ನಲ್ಲಿ ಕೊಂಡಿದ್ದು ಈಗ, ಡಿಸ್ಕೌಂಟ್ ನೋಡಿ. ಗೊತ್ತಿಲ್ಲದವರಿಗೆ ಒಂದು ಮಾತು: ಇಂಥ ಗೇಮ್‌ಗಳಲ್ಲಿ ನಾಲ್ಕೈದು ಜನರ ಗುಂಪು ಕಟ್ಕೊಂಡು ಊರೂರು ಸುತ್ತಿ, ಸಿಕ್ಕವರನ್ನ ಮಾತಾಡಿಸಿ, ಹೊಡೆದಾಡಿ, ಬಲ ಬೆಳೆಸ್ಕೊಳ್ತಾ ಹೋಗ್ಬೇಕು. ಮುಗಿಯೋಕೆ ನಲವತ್ತು ಐವತ್ತು ಗಂಟೆ ಬೇಕು. ಸುತ್ತೋದೇ ಅದರ ಮಜಾ.

ಇದರಲ್ಲಿ ಸುತ್ತೋಕೆ ಊರೇ ಇಲ್ಲ! ಉದ್ದಕ್ಕೆ ಒಂದು ಓಣಿ. ನಡಿ, ಹೊಡಿ, ಸಿನಿಮಾ ನೋಡು, ಮತ್ತೆ ನಡಿ. ಒಟ್ಟು ಹದಿಮೂರು ಅಧ್ಯಾಯ. ಮೊದಲೆರಡರಲ್ಲಿ ಪಾತ್ರಗಳ ಬಲ ಬೆಳೆಯೋದೇ ಇಲ್ಲ. ಗುಂಪಿನಲ್ಲಿ ಯಾರಿರಬೇಕು ಅಂತಲೂ ಬಹಳ ಹೊತ್ತು ಗೇಮೇ ತೀರ್ಮಾನ ಮಾಡುತ್ತೆ. ಕಥೆಯಲ್ಲಿ ಬರೋ ಹೆಸರುಗಳು ಲಸೀ, ಫಾಲ್ಸೀ, ಸೀತ್.. ಯಾವುದೋ ಲಸ್ಸಿ ಅಂಗಡಿ ಬೋರ್ಡ್ ಓದಿದ ಹಾಗೆ.

ಟೀಮಿನ ಗೆಳೆಯನೊಬ್ಬನಿಗೆ ಹೇಳಿದೆ. "ಗುರೂ, ಇಪ್ಪತ್ತು ಗಂಟೆ ತಡ್ಕೋ. ಹನ್ನೊಂದನೇ ಅಧ್ಯಾಯದಲ್ಲಿ ದೊಡ್ಡ ಬಯಲು ಬರುತ್ತೆ. ಗೇಮ್ ಶುರುವಾಗೋದೇ ಅಲ್ಲಿ" ಅಂದ. ಎರಡು ಗಂಟೆ ಒಳಗೆ ಆಡಿ, ಹದಿನಾಲ್ಕು ದಿನದೊಳಗೆ ಕೇಳಿದ್ರೆ ಸ್ಟೀಮ್ ದುಡ್ಡು ವಾಪಸ್ ಕೊಡುತ್ತೆ. ಇಪ್ಪತ್ತು ಗಂಟೆಗೆ ಶುರುವಾಗೋ ಗೇಮನ್ನ ಎರಡು ಗಂಟೆಯಲ್ಲಿ ಅಳೆಯೋದು ಹೇಗೆ? ಆಡ್ತಾ ಹೋದೆ.

ನನಗೆ ನಾನೇ ಹೇಳ್ಕೊಂಡ ಸಮಾಧಾನ ಬೇರೆ ಇತ್ತು. ನಾನು ಕುಂದಾಪುರದ ಕಡೆಯವನು. ಚಿಕ್ಕವನಿದ್ದಾಗ ಅಪ್ಪ ಯಕ್ಷಗಾನಕ್ಕೆ ಕರ್ಕೊಂಡು ಹೋಗ್ತಿದ್ರು. ಮೊದಲು ಕೋಡಂಗಿ, ಬಾಲಗೋಪಾಲ ಅಂತ ಶುರುವಾಗಿ ಪ್ರಸಂಗ ಕಾವೇರೋ ಹೊತ್ತಿಗೆ ನಡುರಾತ್ರಿ ದಾಟ್ತಿತ್ತು. ತೂಕಡಿಸಿದ್ರೆ "ಮಲ್ಕೋ, ದೊಡ್ಡ ವೇಷ ಬಂದ್ಕೂಡ್ಲೇ ಎಬ್ಬಿಸ್ತೆ" ಅಂತಿದ್ರು. ಹಾಗಾದ್ರೆ ಗೇಮಿಗೂ ಕಾಯೋದರಲ್ಲಿ ತಪ್ಪೇನು? ಆದ್ರೆ ಆಟದ ಬಯಲಲ್ಲಿ ಕಾಯ್ತಾ ಚುರುಮುರಿ ತಿನ್ಬಹುದಿತ್ತು, ಚೌಕಿ ಇಣುಕಿ ನೋಡಬಹುದಿತ್ತು, ಅಪ್ಪನ ಹೆಗಲ ಮೇಲೆ ನಿದ್ದೆ ಮಾಡಬಹುದಿತ್ತು. ಇಲ್ಲಿ ರೂಮಲ್ಲಿ ನಾನೊಬ್ಬ, ಜೊತೆಗೆ ಫ್ಯಾನ್ ಸದ್ದು.

ಹಾಗಂತ ಗೇಮ್ ಪೂರ್ತಿ ಕೆಟ್ಟದ್ದು ಅಂದ್ರೆ ಸುಳ್ಳಾಗುತ್ತೆ. (ಆಡಬೇಕು ಅಂದ್ಕೊಂಡವರು ಈ ಪ್ಯಾರಾ ಬಿಟ್ಬಿಡಿ.) ಸಾಜ್ ಅನ್ನೋ ನಡುವಯಸ್ಸಿನ ಮನುಷ್ಯ ಇದ್ದಾನೆ. ತಲೆ ತುಂಬಾ ಗುಂಗುರು ಕೂದಲು, ಅದರೊಳಗೊಂದು ಹಳದಿ ಹಕ್ಕಿಮರಿ. ಮಗನಿಗೆ ಅಂತ ಕೊಂಡಿದ್ದು. ಇನ್ನೂ ಎಳೆಯ ಹುಡುಗನಾದ ಆ ಮಗನ ಮೇಲೆ ಫಾಲ್ಸೀ ಅನ್ನೋ ಶಕ್ತಿಯೊಂದು ಯಾವುದೋ ಕೆಲಸ ಹೊರಿಸಿದೆ. ಹಾಗೆ ಹೊರಿಸಿಕೊಂಡವರೇ ಲಸೀ. ಕೆಲಸ ಮುಗಿಸಿದ್ರೆ ಹರಳಾಗ್ತಾರೆ, ಮುಗಿಸದಿದ್ರೆ ಸೀತ್ ಅನ್ನೋ ಪಿಶಾಚಿ ಆಗ್ತಾರೆ. ಎಂಟನೇ ಅಧ್ಯಾಯದಲ್ಲಿ ಮಗ ಅಪ್ಪನನ್ನ ಕಂಡು ಓಡಿ ಬರ್ತಾನೆ. ಅಪ್ಪನನ್ನ ಹುಡುಕಿದ್ದೇ ಅವನಿಗೆ ಕೊಟ್ಟ ಕೆಲಸ ಮುಗಿದ ಹಾಗೆ! ಅಲ್ಲೇ ಹರಳಾಗಿಬಿಡ್ತಾನೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕೊನೆಗೂ ಬಯಲು ಬಂತು. ನೋಡೋಕೆ ಚಂದ ಇದೆ, ಬೆಟ್ಟದಂಥ ಪ್ರಾಣಿಗಳು ಓಡಾಡ್ತವೆ. ಮಾಡೋಕೇನಿದೆ ಅಂದ್ರೆ ಬೇಟೆ. ಕೆಲಸ ಮುಗಿಸಲಾಗದ ಲಸೀಗಳು ಕೊನೆಗೆ ಕಲ್ಲಾಗಿ ನಿಂತಿರ್ತಾರೆ. ಅವರು ಅರ್ಧಕ್ಕೆ ಬಿಟ್ಟ ಬೇಟೆಯನ್ನ ನಾವು ಮುಗಿಸಬೇಕು. ಇಂಥವು ಒಟ್ಟು ಅರವತ್ನಾಲ್ಕು!

ಹತ್ತನೆಯದೋ ಹನ್ನೊಂದನೆಯದೋ ಮುಗಿಸ್ತಿದ್ದಾಗ ಅಪ್ಪನ ಫೋನ್ ಬಂತು.

"ಶನಿವಾರ ಇಲ್ಲೇ ಹತ್ರ ಹರಕೆ ಆಟ ಇತ್, ಬತ್ಯಾ?"

"ಇಲ್ಲ ಅಪ್ಪ, ರಿಲೀಸ್ ಇತ್. ಶನಿವಾರವೂ ಕೆಲ್ಸ."

"ಅಡ್ಡಿಲ್ಲ, ಕೆಲ್ಸ ಕಾಣ್" ಅಂದ್ರು. ಇಟ್ಬಿಟ್ರು.

ರಿಲೀಸೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಶನಿವಾರ ಎರಡು ಬೇಟೆ ಮುಗಿಸಿ ಗೇಮ್ ಮುಚ್ಚಿದಾಗ ಸ್ಟೀಮ್‌ನಲ್ಲಿ ಕಾಣಿಸಿದ್ದು ಮೂವತ್ತೊಂದು ಗಂಟೆ. ಊರಿನ ಬಸ್ಸು ಒಂದು ಸಲಕ್ಕೆ ಹತ್ತು ಗಂಟೆ ಹಿಡಿದ್ರೂ ಮೂರು ಸಲ ಪಯಣ ಮಾಡಬಹುದಿತ್ತು. ಇಷ್ಟು ದಿನ "ಮುಂದೆ ಚೆನ್ನಾಗಾಗುತ್ತಾ?" ಅಂತ ಕೇಳ್ಕೊಂಡು ಆಡ್ತಿದ್ದೆ. ಆ ಪ್ರಶ್ನೆಗೆ ಉತ್ತರ ಯಾವಾಗಲೂ ಮುಂದೇನೇ ಇರುತ್ತೆ, ಹಾಗಾಗಿ ನಿಲ್ಲಿಸೋ ಜಾಗ ಸಿಗೋದೇ ಇಲ್ಲ. ಕೇಳಬೇಕಿದ್ದದ್ದು ಬೇರೆ: ಹೋದ ಮೂವತ್ತೊಂದು ಗಂಟೆ ಲೆಕ್ಕಕ್ಕಿಲ್ಲ ಅಂತಾದ್ರೆ ನಾಳೆ ಸಂಜೆ ನಾನಾಗೇ ಇದನ್ನ ತೆಗೀತೀನಾ? ಇಲ್ಲ. ನನ್ನ ಮೇಲೂ ಯಾರೋ ಕೆಲಸ ಹೊರಿಸಿದ್ದಾರೆ ಅಂದ್ಕೊಂಡು ಆಡ್ತಿದ್ದೆ ಅಷ್ಟೆ. ಅವತ್ತೇ ಅನ್‌ಇನ್‌ಸ್ಟಾಲ್ ಮಾಡಿದೆ.

ಮೂರು ವಾರ ಬಿಟ್ಟು ಇನ್ನೊಂದು ಆಟಕ್ಕೆ ಊರಿಗೆ ಹೋದೆ. ಚುರುಮುರಿ ಪೊಟ್ಟಣ ಬಿಚ್ಚುತ್ತಾ ಅಪ್ಪನ ಹತ್ರ ನಿಜ ಹೇಳಿದೆ. ಅಪ್ಪ ನನ್ನ ಮುಖ ಒಂದು ಸಲ ನೋಡಿದ್ರು. ಬೈತಾರೆ ಅಂದ್ಕೊಂಡ್ರೆ, "ಲಾಯ್ಕ್ ಇತ್ತಾ ಅದು?" ಅಂದ್ರು. ಒಂದು ಕಡೆ ಮಾತ್ರ ಅಂತ ಸಾಜ್ ಕಥೆ ಹೇಳಿದೆ. ತಲೆಯಲ್ಲಿ ಹಕ್ಕಿಮರಿ ಅಂದಾಗ ನಕ್ಕರು. ಮಗ ಹರಳಾದ ಅಂದಾಗ ಸುಮ್ಮನಾದ್ರು.

"ಕಡೀಗೆ ಆ ಹುಡ್ಗ ಎಂತ ಆದ?"

"ಗೊತ್ತಿಲ್ಲ ಅಪ್ಪ, ಅರ್ಧಕ್ಕೇ ಬಿಟ್ಟೆ."

"ಥೋ, ಅದೊಂದ್ ಕಾಣ್ಕಿತ್ತಲ್ಲ!"

ಅಷ್ಟರಲ್ಲಿ ಚಂಡೆ ಶುರುವಾಯ್ತು. ಸ್ವಲ್ಪ ಹೊತ್ತಿಗೆ ಅಪ್ಪ ಕೂತಲ್ಲೇ ನಿದ್ದೆ ಹೋದ್ರು. ದೊಡ್ಡ ವೇಷ ಬಂದಾಗ ನಾನೇ ಎಬ್ಬಿಸಿದೆ.

ಬೆಂಗಳೂರಿಗೆ ಬಂದವನು ಗೇಮನ್ನ ಮತ್ತೆ ಇನ್‌ಸ್ಟಾಲ್ ಮಾಡಿದ್ದೇನೆ. ನಗಬೇಡಿ! ಆ ಬೇಟೆಗಳಲ್ಲಿ ಬಹುಪಾಲು ಕಡ್ಡಾಯ ಅಲ್ಲ, ಆ ಕಲ್ಲುಗಳೆಲ್ಲ ಅಲ್ಲೇ ನಿಂತಿರಲಿ. ಭಾನುವಾರಕ್ಕೊಂದು ಗಂಟೆ, ನೇರ ಕಥೆಯ ದಾರಿ. ಆಮೇಲೆ ಮನೆಗೆ ಫೋನು. ಮೊನ್ನೆ ಅಪ್ಪ ಎತ್ತಿದವರೇ ಕೇಳಿದ್ದು: "ಹುಡ್ಗ ಸಿಕ್ನಾ?"

ಇನ್ನೂ ಇಲ್ಲ.